ಬೀದಿದೀಪದ ರಸ್ತೆಗೆ ಎಂಥ ಸೈಕಲ್ ಲೈಟು?

ಪ್ರಶ್ನೆ: ಬೆಂಗಳೂರಿನಲ್ಲಿ ರಾತ್ರಿ ಸೈಕಲ್‌ನಲ್ಲಿ ಮನೆಗೆ ಹೋಗುತ್ತೇನೆ. ದಾರಿಯುದ್ದಕ್ಕೂ ಬೀದಿದೀಪವಿದೆ. ಮುಂದಿನ ಲೈಟು 1000 ಲ್ಯೂಮೆನ್‌ನದೇ ಬೇಕೇ?

ಉತ್ತರ: ಬೇಡ. ಲ್ಯೂಮೆನ್ ಎಂದರೆ ಲೈಟು ಚೆಲ್ಲುವ ಒಟ್ಟು ಬೆಳಕಿನ ಅಳತೆ. ಅಲ್ಲಿ ನೀವು ಬೇರೆಯವರಿಗೆ ಕಾಣುವುದು ಮುಖ್ಯ. 100ರಿಂದ 200 ಲ್ಯೂಮೆನ್ ಸಾಕು. ಆದರೆ ಮರದ ನೆರಳಲ್ಲಿ ಗುಂಡಿ, ಹಂಪ್ ಕಾಣುವುದಿಲ್ಲ, ಕರೆಂಟೂ ಹೋಗುತ್ತದೆ. 400ರವರೆಗೆ ಏರಿಸಬಹುದಾದದ್ದನ್ನೇ ಕೊಳ್ಳಿ. ಅದಕ್ಕಿಂತ ಮುಖ್ಯ ಬೆಳಕಿನ ಆಕಾರ. ಟಾರ್ಚಿನಂತೆ ದುಂಡಗೆ ಹರಡಿದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಮೇಲಂಚು ಕತ್ತರಿಸಿದಂತಿರುವ ಬೆಳಕು ಉತ್ತಮ. ಜರ್ಮನಿಯ ನಿಯಮ ಇದನ್ನೇ ಕೇಳುತ್ತದೆ. ನಡುಬೆಳಕು 6–8 ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಲೈಟನ್ನು ಹ್ಯಾಂಡಲಿಗೆ ಕೂರಿಸುವ ಕ್ಲ್ಯಾಂಪ್ ಸಡಿಲವಿದ್ದರೆ ಹಂಪಿನಲ್ಲಿ ಲೈಟು ತಿರುಗಿಬಿಡುತ್ತದೆ. ಕ್ಲ್ಯಾಂಪಿನ ಕೆಳಗೆ ಹ್ಯಾಂಡಲಿಗೆ ಹಳೆ ಟ್ಯೂಬಿನ ತುಂಡು ಸುತ್ತಿ. ಮಿನುಗುವ ಬೆಳಕಿನಿಂದ ಬೇರೆಯವರಿಗೆ ನೀವೆಷ್ಟು ದೂರದಲ್ಲಿದ್ದೀರಿ ಎಂದು ಅಂದಾಜಾಗದು. ರಾತ್ರಿ ಸ್ಥಿರವಾಗಿಯೇ ಉರಿಸಿ. ಮಳೆಗೆ ಐಪಿಎಕ್ಸ್4 (ಎಲ್ಲ ಕಡೆಯಿಂದ ಎರಚುವ ನೀರು ತಡೆಯುವ ಮಟ್ಟ) ಆದರೂ ಇರಲಿ, ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಒತ್ತಿ ಮುಚ್ಚಿ.