ನಾಲೆ ನೀರಿನ ಜಗಳ ಊರ ಪಂಚಾಯ್ತಿಯಲ್ಲಿ ಮುಗಿಸೋದಾ, ಪೊಲೀಸ್ ಸ್ಟೇಷನ್‌ಗೆ ಹೋಗೋದಾ?

ನಮ್ಮದು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ನಾಲೆ ನೀರಿನ ಜಗಳ ಎಲ್ಲಿ ಮುಗಿಸೋದು ಅಂತ ಕೇಳಿದ್ದೀರಿ. ನಿಮ್ಮೂರಿನ ಕಥೆ ನಮ್ಮೂರಿನದೇ. 2016ರಲ್ಲಿ ಕನ್ನಂಬಾಡಿ ಅಣೆಕಟ್ಟೆ ತುಂಬಲಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ಲೆಕ್ಕದಲ್ಲಿ, ಬಿಟ್ಟ ನೀರು ಮೇಲಿನ ಗದ್ದೆಗಳಲ್ಲೇ ಮುಗಿದುಹೋಗಿ, ಕೆಳಗೆ ಕಾಲೊನಿಯ ಪರಿಶಿಷ್ಟರ ಪೈರು ಒಣಗುತ್ತಿತ್ತು. ಒಂದು ರಾತ್ರಿ ಯಾರೋ ತೂಬಿನ ಹಲಗೆ ಕಿತ್ತರು. ಬೆಳಗಾಗುವಷ್ಟರಲ್ಲಿ ಎರಡೂ ಕಡೆಯವರು ಗುದ್ದಲಿ ಹಿಡಿದು ಏರಿ ಮೇಲೆ ನಿಂತಿದ್ದರು.

ಯಜಮಾನರನ್ನು ಅರಳಿಕಟ್ಟೆಗೆ ಸೇರಿಸಿದವನು ನಾನೇ. ಒಂದೇ ಸಂಜೆಗೆ ನ್ಯಾಯ ತೀರಿತು: ಕಾಲೊನಿಯವರು ತಪ್ಪುಕಾಣಿಕೆ ಕಟ್ಟಬೇಕು, ಇನ್ನು ಮೇಲೆ ಸರದಿ ಪ್ರಕಾರ ನೀರು. ಪತ್ರ ಬರೆದವನೂ ನಾನೇ. ನಾನು ಕೆಟ್ಟದ್ದು ಅಲ್ಲೇ.

ಕಟ್ಟೆ ಮೇಲೆ ಏಳು ಜನ ಕೂತಿದ್ದೆವು. ಏಳೂ ಜನರ ಗದ್ದೆ ತೂಬಿನ ಮೇಲ್ಗಡೆ. ಕಾಲೊನಿಯವರು ಕೆಳಗೆ ನಿಂತಿದ್ದರು. “ಒಪ್ಪಿಗೆಯೇನ್ರಪ್ಪಾ?” ಅಂದೆ. ಯಾರೂ ತುಟಿ ಬಿಚ್ಚಲಿಲ್ಲ. ‘ಸರ್ವರೂ ಒಪ್ಪಿರುತ್ತಾರೆ’ ಅಂತ ಬರೆದುಬಿಟ್ಟೆ. ಅವರು ಹೇಗೆ ತಾನೇ ಇಲ್ಲ ಅಂದಾರು? ಕೂಲಿ ನಮ್ಮ ಗದ್ದೆಯಲ್ಲಿ, ಸಾಲ ನಮ್ಮ ಮನೆಗಳಲ್ಲಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕೆಂದು ಬಲ್ಲ ನೀರುಗಂಟಿಯನ್ನು ಒಂದು ಮಾತೂ ಕೇಳಲಿಲ್ಲ. ಪತ್ರದಲ್ಲಿ ‘ಸರದಿ’ ಅಂತಿತ್ತು. ಎಷ್ಟು ಗಂಟೆ, ಯಾವ ತುದಿಯಿಂದ ಶುರು ಅನ್ನೋದೇ ಇರಲಿಲ್ಲ. ಹದಿನೈದೇ ದಿನಕ್ಕೆ ಮತ್ತೆ ಹಲಗೆ ಹೋಯಿತು, ಕಾಲೊನಿಯ ಒಬ್ಬ ಹುಡುಗನ ತಲೆಯೂ ಒಡೆಯಿತು. ಅವನ ತಾಯಿ ಇವತ್ತಿಗೂ ನನ್ನ ಮುಖ ಕಂಡರೆ ದಾರಿ ಬದಲಿಸುತ್ತಾರೆ.

ಅದಕ್ಕೇ ನಿಮ್ಮ ‘ಪಂಚಾಯ್ತಿಯೋ, ಸ್ಟೇಷನ್ನೋ’ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಟ್ಟೆ ಮೇಲೆ ಯಾರ್‍ಯಾರು ಕೂರ್ತಾರೆ, ಅದನ್ನು ಮೊದಲು ಕೇಳಿ. ಕೊನೇ ಗದ್ದೆಯವರು, ಅವರ ಮನೆಯ ಹೆಂಗಸರು ಸರಿಸಮ ಕೂರದ ನ್ಯಾಯಕ್ಕೆ ಹೋಗಲೇಬೇಡಿ. ಹೊಡೆದಾಟ, ಜಾತಿ ನಿಂದನೆ ಆಗಿದ್ದರೆ ಊರಲ್ಲಿ ಮುಚ್ಚಿಹಾಕಬೇಡಿ, ಸೀದಾ ಸ್ಟೇಷನ್ನೇ. ಬರೀ ನೀರಿನ ತಕರಾರಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಲೋಕ ಅದಾಲತ್ ಬಗ್ಗೆ ವಿಚಾರಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ. ಪರಿಶಿಷ್ಟರಿಗೆ, ಹೆಂಗಸರಿಗೆ ವಕೀಲರೂ ಉಚಿತ. ನಾನು ಬರೆದ ಪತ್ರಕ್ಕೆ ಆ ಬಲ ಎಲ್ಲಿತ್ತು?

ಎರಡನೇ ಸಲ ನಾವು ಸೇರಿದ್ದು ತೂಬಿನ ಹತ್ತಿರ. ಎಲ್ಲರೂ ಏರಿಯ ನೆಲದ ಮೇಲೇ ಕೂತೆವು. ಮೊದಲು ಮಾತಾಡಿದವರು ನೀರುಗಂಟಿ. ಸರದಿ ಕೊನೇ ಗದ್ದೆಯಿಂದ ಶುರುವಾಗಬೇಕು ಅಂದರು. ತಪ್ಪುಕಾಣಿಕೆ ವಾಪಸ್ ಕೊಟ್ಟೆವು. ಯಾರಿಗೆ ಎಷ್ಟು ಗಂಟೆ ಅನ್ನೋದನ್ನು ಹಾಲಿನ ಡೇರಿ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದೆವು.