ರಾಮಪತ್ರೆ ಉಳಿಸಲು ಮನೆಯ ಫ್ರಿಜ್ಜಿನಲ್ಲೇ ಬೀಜ ಬ್ಯಾಂಕ್ ಮಾಡಬಹುದೇ?

ಬೀಜ ಜೋಪಾನವಾದರೆ ಮರ ಉಳಿಯಿತು, ಹಾಗಾಗಿ ಬೀಜವನ್ನು ಫ್ರಿಜ್ಜಿನಲ್ಲಿಡಲೇ ಎಂದು ಕೇಳಿದ್ದೀರಿ. ಬೇಡ. ಇದನ್ನೇ ಮಾಡಲು ಹೋಗಿ ಒಂದು ವರ್ಷದ ಬೀಜವನ್ನೆಲ್ಲ ಕಳೆದುಕೊಂಡವನು ನಾನು.

ನಮ್ಮದು ಸಿದ್ದಾಪುರದ ಕಡೆ. ತೋಟದ ಕೆಳಗಿನ ಹಳ್ಳದಲ್ಲಿ ರಾಮಪತ್ರೆ ಜಡ್ಡಿ ಇದೆ, ಅಂದರೆ ಜಾಯಿಕಾಯಿಯ ಜಾತಿಗೆ ಸೇರಿದ ಈ ಕಾಡುಮರಗಳಿರುವ ಜೌಗು ನೆಲ. ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆಗೆ ರೇಟು ಬಂದ ಮೇಲೆ ಕಾಯಿ ಬಲಿಯುವ ಮೊದಲೇ ಕೊಯ್ಯುವವರು ಹೆಚ್ಚಾಗಿ, ಮರದಡಿ ಸಸಿ ಕಾಣುವುದೇ ಅಪರೂಪವಾಯಿತು. ಅದೇ ಹೊತ್ತಿಗೆ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಬೆಳೆಗಳ ಬೀಜವನ್ನು ಗುಡ್ಡದೊಳಗೆ ಕಾಯ್ದಿಡುತ್ತಿರುವ ಸುದ್ದಿ ಓದಿದ್ದೆ. ಒಳ್ಳೆಯ ಹಣ್ಣು ಆರಿಸಿ, ಪತ್ರೆ ಬಿಡಿಸಿ, ಬೀಜ ತೊಳೆದು ಅಟ್ಟದ ಮೇಲೆ ನೆರಳಲ್ಲಿ ಒಣಗಿಸಿದೆ. ಮಗೆಬೀಜ, ಸೌತೆಬೀಜ ಎಲ್ಲ ಹಾಗೇ ಅಲ್ಲವೇ ಕಾಯ್ದಿಡುವುದು? ಅಲ್ಲಾಡಿಸಿದರೆ ಓಟೆಯೊಳಗೆ ಗಲಗಲ ಎನ್ನುವಷ್ಟು ಒಣಗಿದ ಮೇಲೆ ಡಬ್ಬಿ ತುಂಬಿ ಫ್ರಿಜ್ಜಿಗಿಟ್ಟೆ. ಮುಂದಿನ ಮಳೆಗಾಲಕ್ಕೆ ಮಡಿ ಮಾಡಿ ಬಿತ್ತಿದರೆ ಒಂದೂ ಹುಟ್ಟಲಿಲ್ಲ.

ಫ್ರಿಜ್ಜಿನ ತಪ್ಪೆಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ಬೀಜ ಅಟ್ಟದ ಮೇಲೇ ಸತ್ತಿತ್ತು. ಭತ್ತ, ರಾಗಿ, ಬೀಟೆ, ಹೊನ್ನೆಯ ಬೀಜಗಳು ಒಣಗಿದರೆ ನಿದ್ದೆಗೆ ಜಾರುತ್ತವೆ. ಇನ್ನಷ್ಟು ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ಹತ್ತಾರು ವರ್ಷ ಜೀವ ಹಿಡಿದಿರುತ್ತವೆ. ಬೀಜ ಬ್ಯಾಂಕ್ ನಿಂತಿರುವುದೇ ಈ ಗುಣದ ಮೇಲೆ. ರಾಮಪತ್ರೆಗೆ ಆ ನಿದ್ದೆಯೇ ಇಲ್ಲ. ವರ್ಷವಿಡೀ ತೇವವಿರುವ ನೆಲದ ಮರ ಅದು, ಬೀಜ ಬೀಳುವಾಗಲೇ ಮೊಳೆಯಲು ಹೊರಟಿರುತ್ತದೆ. ನೀರು ಆರಿದರೆ ಜೀವಕೋಶದ ಪೊರೆ ಹಾಳಾಗುತ್ತದೆ. ಆರಿಸದೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಕೋಶವನ್ನೇ ಸೀಳುತ್ತದೆ. ಹಲಸಿನ ಬೀಜ, ಮಾವಿನ ಗೊರಟನ್ನು ಒಣಗಿಸಿಟ್ಟು ಯಾರೂ ಬಿತ್ತುವುದಿಲ್ಲ. ಅದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಬೀಜ ಜೋಪಾನವಾದರೆ ಮರ ಉಳಿಯಿತು ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳ 2018ರ ಅಂದಾಜಿನ ಪ್ರಕಾರ, ಅಳಿವಿನ ಅಂಚಿಗೆ ತೀರಾ ಹತ್ತಿರವಿರುವ ಸಸ್ಯಗಳಲ್ಲಿ ಶೇ. 36ರಷ್ಟರ ಬೀಜ ಹೀಗೆ ಒಣಗಿಸಿಡಲು ಬರುವುದಿಲ್ಲ. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಭ್ರೂಣವನ್ನಷ್ಟೇ ಇಡುವ ವಿಧಾನವಿದೆ. ಅದು ಪ್ರಯೋಗಾಲಯದ ಕೆಲಸ, ನಮ್ಮ ನಿಮ್ಮ ಕೈಯದಲ್ಲ.

ನಿಮ್ಮ ಬೆಟ್ಟದಲ್ಲಿ ಬೀಟೆ, ಹೊನ್ನೆ ಇದ್ದರೆ ಅವುಗಳ ಬೀಜವನ್ನು ಧಾರಾಳವಾಗಿ ಒಣಗಿಸಿಡಿ. ರಾಮಪತ್ರೆಯನ್ನು ಮಾತ್ರ ಹಣ್ಣು ಒಡೆದ ವಾರದೊಳಗೆ, ಪತ್ರೆ ತೆಗೆದು, ಹಸಿಯಾಗಿಯೇ ಮಣ್ಣು ತುಂಬಿದ ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ಹಾಕಿ. ಮಣ್ಣು ಆರದಿರಲಿ, ನೆರಳಿರಲಿ. ನಾನೀಗ ಹಾಗೇ ಮಾಡುತ್ತೇನೆ, ಸಸಿ ಬರುತ್ತಿವೆ. ಎಲ್ಲಕ್ಕಿಂತ ಮೊದಲು ಹಳ್ಳದ ನೀರನ್ನು ಅಡಿಕೆ ತೋಟಕ್ಕೆ ತಿರುಗಿಸುತ್ತಿದ್ದರೆ ಅದನ್ನು ನಿಲ್ಲಿಸಿ. ಜಡ್ಡಿ ಒಣಗಿದರೆ ಆ ಸಸಿಗಳನ್ನು ನೆಡುವುದೆಲ್ಲಿ? ಕೊಯ್ಲಿನವರಿಗೂ ಕೆಲವು ಮರಗಳ ಕಾಯಿ ಮುಟ್ಟಬೇಡಿ ಎಂದು ಈಗಲೇ ಹೇಳಿಬಿಡಿ.