ಏಜೆಂಟ್‌ಗೆ ಕೊಡುವ ಸರ್ಚ್ ಟೂಲಿನ ಡಾಕ್ಯುಮೆಂಟೇಶನ್ ಚೆನ್ನಾಗಿದೆಯೋ ಇಲ್ಲವೋ, ನೋಡುವುದು ಹೇಗೆ?

ಫೈಲುಗಳಲ್ಲಿ ಹುಡುಕಿ ಉತ್ತರಿಸುವ ಎಐ ಏಜೆಂಟ್‌ಗೆ ಒಂದು ಸರ್ಚ್ ಟೂಲ್ ಆರಿಸಬೇಕು, ಅದರ ಪರಿಚಯದ ಫೈಲಾದ ರೀಡ್‌ಮಿ ನೋಡಿದರೆ ಅಚ್ಚುಕಟ್ಟಾಗಿದೆ, ಅಷ್ಟು ಸಾಕೇ ಅಂತ ಕೇಳಿದ್ದೀರಿ. ಸಾಲದು. ರೀಡ್‌ಮಿ ಓದುವವರು ನೀವು, ಏಜೆಂಟ್ ಅಲ್ಲ. ಏಜೆಂಟ್‌ಗೆ ಕಾಣುವುದು ಟೂಲಿನ ಹೆಸರು ಮತ್ತು ವಿವರಣೆ, ಪ್ಯಾರಾಮೀಟರುಗಳ (ಕರೆಯಲ್ಲಿ ಕೊಡುವ ಮೌಲ್ಯಗಳ) ಸ್ಕೀಮಾ ಅಂದರೆ ರೂಪದ ವಿವರ, ಆಮೇಲೆ ಕರೆಗೆ ಬರುವ ಉತ್ತರ ಇಲ್ಲವೇ ಎರರ್ ಮೆಸೇಜ್. ಎಂಸಿಪಿ (ಏಜೆಂಟ್‌ಗೆ ಟೂಲುಗಳನ್ನು ಜೋಡಿಸುವ ಒಂದು ಪ್ರಮಾಣಿತ ವಿಧಾನ) ಸರ್ವರ್ ಆಗಿದ್ದರೆ, ಟೂಲುಗಳ ಪಟ್ಟಿ ಕೊಡುವ ‘ಟೂಲ್ಸ್/ಲಿಸ್ಟ್’ ಕರೆದು, ಬಂದ ಜೇಸನ್ (ಟೂಲಿನ ವಿವರಗಳಿರುವ ಪಠ್ಯ) ಅನ್ನು ಒಂದು ಫೈಲಿನಲ್ಲಿ ಉಳಿಸಿಕೊಂಡು ಮೊದಲು ಅದನ್ನೇ ಓದಿ.

ಒಂದು ಪ್ಯಾರಾಮೀಟರ್ ತೆಗೆದುಕೊಳ್ಳೋಣ. ‘ಲಿಮಿಟ್: ಫಲಿತಾಂಶಗಳ ಮಿತಿ’ ಎಂದು ಬರೆದಿದ್ದರೆ ಏನೂ ಹೇಳಿದಂತಾಗಲಿಲ್ಲ. ‘ಲಿಮಿಟ್: ಎಷ್ಟು ತುಣುಕು ಬೇಕು, 1ರಿಂದ 50, ಕೊಡದಿದ್ದರೆ 10, ಒಂದು ತುಣುಕು ಸುಮಾರು 800 ಟೋಕನ್’ ಎಂದಿದ್ದರೆ (ತುಣುಕು ಅಂದರೆ ಟೂಲ್ ಫೈಲನ್ನು ಕತ್ತರಿಸಿದ ಒಂದು ಭಾಗ, ಟೋಕನ್ ಅಂದರೆ ಮಾಡೆಲ್ ಓದುವ ಪಠ್ಯದ ಚೂರು) ಲೆಕ್ಕ ಹಾಕಬಹುದು: 10 ತುಣುಕಿಗೆ 8,000 ಟೋಕನ್, 50ಕ್ಕೆ 40,000. ಮೊದಲನೆಯ ವಿವರಣೆ ಓದಿದ ಏಜೆಂಟ್ ‘ಹೆಚ್ಚಿದ್ದರೆ ಒಳ್ಳೆಯದು’ ಎಂದು 50 ಕೇಳಿ, ಕೆಲವೇ ಕರೆಯಲ್ಲಿ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯದ ಜಾಗ) ತುಂಬಿಸಿಕೊಳ್ಳಬಹುದು.

ಇನ್ನು ಪರೀಕ್ಷೆ. ನಿಮ್ಮ ಫೈಲುಗಳ ಮೇಲೆ 20 ಪ್ರಶ್ನೆ ಬರೆಯಿರಿ. ಕೆಲವಕ್ಕೆ ದಿನಾಂಕದ ಫಿಲ್ಟರ್ ಬೇಕಾಗಲಿ, ಕೆಲವಲ್ಲಿ ಇನ್‌ವಾಯ್ಸ್ ನಂಬರಿನಂಥ ಇದ್ದಂತೆಯೇ ಹೊಂದಬೇಕಾದ ಪದ ಇರಲಿ, ನಾಲ್ಕೈದಕ್ಕಾದರೂ ಫೈಲುಗಳಲ್ಲಿ ಉತ್ತರವೇ ಇರಬಾರದು. ಆ ಜೇಸನ್ ಮಾತ್ರ ಕೊಟ್ಟು, ಯಾವ ಕರೆ ಮಾಡುತ್ತೀ ಎಂದು ಏಜೆಂಟಿನ ಒಳಗಿನ ಭಾಷಾ ಮಾಡೆಲ್ ಅನ್ನು ಕೇಳಿ. ಟೂಲ್ ಓಡಿಸುವುದು ಆಮೇಲೆ. ಪ್ರತಿ ಪ್ರಶ್ನೆಯನ್ನೂ ಐದು ಸಲ ಕೇಳಿ, ನೀವೇ ಬರೆದಿಟ್ಟುಕೊಂಡ ಸರಿಯಾದ ಕರೆಯೊಂದಿಗೆ ಹೋಲಿಸಿ. ಐದರಲ್ಲಿ ನಾಲ್ಕು ಸಲ ಅದೇ ತಪ್ಪು ಬಂದರೆ, ಉದಾಹರಣೆಗೆ ಟೂಲಿಗೆ ಬೇರೆ ರೂಪ ಬೇಕಿದ್ದರೂ ದಿನಾಂಕವನ್ನು 05/03/2024 ಎಂದೇ ಬರೆಯುತ್ತಿದ್ದರೆ, ವಿವರಣೆಯಲ್ಲಿ ಫಾರ್ಮ್ಯಾಟ್ ಹೇಳಿಲ್ಲ ಎಂದೇ ಹೆಚ್ಚಿನ ಪಾಲು ಅರ್ಥ. ಒಂದೊಂದು ಸಲ ಒಂದೊಂದು ತಪ್ಪು ಬಂದರೆ ಮಾಡೆಲ್ ಮೇಲೂ ಅನುಮಾನ ಪಡಿ.

ಆಮೇಲೆ ಟೂಲ್ ಓಡಿಸಿ, ಬೇಕೆಂದೇ ತಪ್ಪು ಮಾಡಿ. ಇಲ್ಲದ ಫಿಲ್ಟರ್ ಹೆಸರು ಕೊಟ್ಟು ನೋಡಿ. ‘ಇಂಥ ಫೀಲ್ಡ್ ಇಲ್ಲ, ಇರುವ ಫೀಲ್ಡುಗಳು ಇವು’ ಎಂದು ಬಂದರೆ ಏಜೆಂಟ್ ಮುಂದಿನ ಕರೆಯಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಸುಮ್ಮನೆ ಖಾಲಿ ಪಟ್ಟಿ ಬಂದರೆ, ‘ಅಂಥ ಫೈಲೇ ಇಲ್ಲ’ ಎಂದು ಬಳಕೆದಾರರಿಗೆ ಧೈರ್ಯವಾಗಿ ಹೇಳಿಬಿಡುತ್ತದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ದೋಷ.

ಪ್ರತಿ ಫಲಿತಾಂಶಕ್ಕೆ ಟೂಲ್ ಕೊಡುವ ಸ್ಕೋರ್ ಏನೆಂದು ಬರೆದಿದ್ದಾರೆಯೇ? ಕೊಸೈನ್ (ಅರ್ಥದ ಹೋಲಿಕೆಯ ಅಳತೆ) ಆದರೆ -1ರಿಂದ 1. ಬಿಎಂ25 (ಪದಗಳ ಹೊಂದಿಕೆಯ ಅಂಕ) ಆದರೆ ಸ್ಥಿರವಾದ ಮೇಲ್ಮಿತಿ ಇಲ್ಲ. ಎರಡನ್ನೂ, ಪಟ್ಟಿಯಲ್ಲಿನ ಸ್ಥಾನ ನೋಡಿ ಅಂಕ ಕೊಡುವ ಆರ್‌ಆರ್‌ಎಫ್‌ನಿಂದ ಬೆರೆಸಿದ್ದರೆ, ವಾಡಿಕೆಯ 60ರ ಸ್ಥಿರಾಂಕದಲ್ಲಿ, ಎರಡೂ ಪಟ್ಟಿಯಲ್ಲಿ ಮೊದಲು ಬಂದ ತುಣುಕಿಗೂ ಸಿಗುವುದು 2/61, ಅಂದರೆ ಸುಮಾರು 0.033. ‘ಸ್ಕೋರ್ 0.7ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡು’ ಎಂದು ನೀವು ಪ್ರಾಂಪ್ಟಿನಲ್ಲಿ ಬರೆದಿದ್ದರೆ ಎಲ್ಲವೂ ಕಸದ ಬುಟ್ಟಿಗೆ. ಟೂಲ್ ಸರಿಯಾಗಿಯೇ ಹುಡುಕಿರುತ್ತದೆ ಪಾಪ.

ಡಾಕ್ಯುಮೆಂಟೇಶನ್ನಿನ ಇಂಡೆಕ್ಸಿಂಗ್ (ಫೈಲುಗಳನ್ನು ಹುಡುಕಾಟಕ್ಕೆ ಸಿದ್ಧಪಡಿಸುವುದು) ಭಾಗದಲ್ಲಿ ಮೂರು ಮಾತು ಹುಡುಕಿ. ಟೆಕ್ಸ್ಟ್ ಲೇಯರ್ ಇಲ್ಲದ, ಅಂದರೆ ಬರೀ ಚಿತ್ರವಾದ, ಸ್ಕ್ಯಾನ್ ಪಿಡಿಎಫ್ ಕೊಟ್ಟರೆ ಎರರ್ ಬರುತ್ತದೋ, ಅಥವಾ ‘ಯಶಸ್ವಿ’ ಎಂದು ಹೇಳಿ ಸೊನ್ನೆ ತುಣುಕು ಸೇರಿಸುತ್ತದೋ? ಫೈಲ್ ಹಾಕಿದ ಎಷ್ಟು ಹೊತ್ತಿಗೆ ಸರ್ಚ್‌ನಲ್ಲಿ ಸಿಗುತ್ತದೆ? ತುಣುಕಿನ ಗಾತ್ರಕ್ಕೂ ಪಠ್ಯವನ್ನು ವೆಕ್ಟರ್ ಎಂಬ ಅಂಕಿಗಳ ಸಾಲಾಗಿಸುವ ಎಂಬೆಡಿಂಗ್ ಮಾಡೆಲ್‌ನ ಮಿತಿಗೂ ಹೊಂದಿಕೆ ಇದೆಯೇ? ಮಾಡೆಲ್ 512 ಟೋಕನ್ ಮಾತ್ರ ತೆಗೆದುಕೊಳ್ಳುವಂಥದ್ದಾಗಿ ತುಣುಕು 800 ಇದ್ದರೆ, ಬಹಳಷ್ಟು ಲೈಬ್ರರಿಗಳು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಕೊನೆಯ 288 ಟೋಕನ್ ವೆಕ್ಟರಿಗೆ ಸೇರುವುದೇ ಇಲ್ಲ. ಕನ್ನಡದ ಫೈಲುಗಳಿದ್ದರೆ ಇದು ಇನ್ನೂ ಬೇಗ ಕಚ್ಚುತ್ತದೆ, ಏಕೆಂದರೆ ಅನೇಕ ಟೋಕನೈಸರುಗಳು ಅಷ್ಟೇ ವಿಷಯದ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಖರ್ಚು ಮಾಡುತ್ತವೆ.

ಇನ್‌ಸ್ಟಾಲ್ ಪುಟಕ್ಕೆ ಅರ್ಧ ಗಂಟೆ ಸಾಕು: ಹೊಸ ಕಂಟೇನರಿನಲ್ಲಿ (ಬೇರೇನೂ ಹಾಕಿರದ ಪ್ರತ್ಯೇಕ ವಾತಾವರಣದಲ್ಲಿ) ಬರೆದದ್ದನ್ನು ಬರೆದಂತೆಯೇ ಓಡಿಸಿ, ಬರೆಯದೆ ಬಿಟ್ಟ ಹೆಜ್ಜೆಗಳನ್ನು ಎಣಿಸಿ.

ಟೂಲ್ ಇಷ್ಟವಾಯಿತು, ವಿವರಣೆ ಮಾತ್ರ ಕಳಪೆ ಎಂದಾದರೆ ಬಿಡಬೇಕಾಗಿಲ್ಲ. ಮೇಲೊಂದು ತೆಳು ಪದರ, ಅಂದರೆ ರ‍್ಯಾಪರ್ ಹಾಕಿ, ವಿವರಣೆಯನ್ನು ನೀವೇ ಬರೆದು, ಆ 20 ಪ್ರಶ್ನೆಗಳನ್ನು ಮತ್ತೆ ಓಡಿಸಿ. ಆದರೆ ಖಾಲಿ ಪಟ್ಟಿ ಯಾಕೆ ಬಂತೆಂದು ಟೂಲೇ ಹೇಳದಿದ್ದರೆ ರ‍್ಯಾಪರ್ ಬರೆಯುವ ನಿಮಗೂ ಅದು ಹೆಚ್ಚಾಗಿ ಗೊತ್ತಾಗುವುದಿಲ್ಲ, ಅಂಥದ್ದನ್ನು ಕೈಬಿಡಿ.